ಕೈಗೆ ಗೊತ್ತಿದ್ದ ಜಾಗ

ಈ ಮನೆಯಲ್ಲಿ ಯಾವ ಕೋಣೆಯೂ
ಆರು ಮೊಳಕ್ಕಿಂತ ಅಗಲವಿಲ್ಲ.
ಅಳತೆ ಕೊಟ್ಟದ್ದು ಮೇಸ್ತ್ರಿಯಲ್ಲ, ಕಾಂಡ್ಲಾ ಮರ.
ಅಳಿವೆಯ ಕೆಸರಲ್ಲಿ ಅದು ಎಷ್ಟು ದೂರ ನೆಟ್ಟಗೆ ಬೆಳೆಯಿತೋ
ಅಷ್ಟೇ ಜಂತೆ, ಅಷ್ಟೇ ಸೂರು,
ಅಷ್ಟೇ ಕೈಕಾಲು ಚಾಚುವ ಹಕ್ಕು.
ಜಾಂಜಿಬಾರಿನ ಕಲ್ಲುಪೇಟೆಯಲ್ಲಿ
ಸಾಹುಕಾರನಿಗೂ ಅಷ್ಟೇ.

ಕಟ್ಟಿಸಿದವನು ಲವಂಗದಲ್ಲಿ ದುಡ್ಡು ಮಾಡಿದವನು.
ಆಮೇಲೆ ಕ್ರಾಂತಿ ಬಂತು, ಬೀಗ ಒಡೆಯಿತು,
ಹನ್ನೊಂದು ಸಂಸಾರ ಹೊಕ್ಕಿತು.
ನಮ್ಮದು ಎರಡನೇ ಅಂತಸ್ತು, ಬೀದಿಯ ಕಡೆ, ಅರ್ಧ ಕೋಣೆ.
ಇನ್ನರ್ಧ ದರ್ಜಿ ಕೊಂಬೋನದು.
ನಡುವೆ ಸಿಮೆಂಟಿನ ಗೋಡೆ, ಅಪ್ಪನೇ ಎತ್ತಿದ್ದು.
ರಾತ್ರಿಯೆಲ್ಲ ಆಚೆಯಿಂದ ಹೊಲಿಗೆಯಂತ್ರ
ನನ್ನ ನಿದ್ದೆಗೆ ಅಂಚು ಹೊಲಿಯುತ್ತಿತ್ತು.

ಈಗ ನಾನು ಕರೆಂಟಿನವ.
ಹೆಗಲಲ್ಲಿ ತಂತಿಯ ಸುರುಳಿ, ಕಿಸೆಯಲ್ಲಿ ಟೆಸ್ಟರು.
ಎಲ್ಲರೂ ಖಾಲಿ ಮಾಡಿ ಹದಿನಾಲ್ಕು ವರ್ಷದ ಮೇಲೆ
ಮತ್ತೆ ಅದೇ ಮೆಟ್ಟಿಲು.
ಏಳನೆಯದು ಈಗಲೂ ಮೋಸಗಾರ,
ಮಿಕ್ಕವಕ್ಕಿಂತ ಎರಡು ಬೆರಳು ಎತ್ತರ.
ಪರಂಪರೆ ಇಲಾಖೆಯ ಅರಾಫಾ ಮೇಡಂ ಎಡವಿದರು.
ನಾನು ಎಡವಲಿಲ್ಲ.

ಅವರ ಕೈಯಲ್ಲಿ ನಕ್ಷೆ. ನಕ್ಷೆಯಲ್ಲಿ ಎರಡು ಬಣ್ಣ.
ಕಪ್ಪು ಅಂದರೆ ಮೂಲದ್ದು, ಉಳಿಯಬೇಕು.
ಕೆಂಪು ಅಂದರೆ ಆಮೇಲಿನದು, ತೆಗೆಯಬೇಕು.
ಅಪ್ಪನ ಗೋಡೆ ಕೆಂಪಗಿತ್ತು.

ಜಗಳಕ್ಕೆ ಬಾಯಿ ತೆರೆದೆ.
ಗಾರೆಯ ಮುದುಕ ವುವಾಯಿ ಮಾತಾಡಲಿಲ್ಲ,
ಸಿಮೆಂಟಿನ ಬುಡವನ್ನು ಉಗುರಲ್ಲಿ ಕೆರೆದು ತೋರಿಸಿದ:
ಒಳಗೆ ಹವಳದ ಕಲ್ಲು ಹಿಟ್ಟಾಗಿತ್ತು.
"ಸುಣ್ಣ ಉಸಿರಾಡುತ್ತೆ ಮಗಾ,
ಮಳೆ ಕುಡಿದು ಬಿಸಿಲಿಗೆ ವಾಪಸು ಕೊಡುತ್ತೆ.
ಸಿಮೆಂಟು ಅದರ ಮೂಗು ಹಿಡಿಯುತ್ತೆ.
ನಿಮ್ಮಪ್ಪ ಒಳ್ಳೆಯವನೇ.
ಅವನಿಗೆ ಸಿಕ್ಕಿದ್ದು ಅದು."

ಗೋಡೆಗೂ ಕಿವಿ ಉಂಟು ಅನ್ನುತ್ತಾರೆ.
ಮೂಗು ಉಂಟೆಂದು ಯಾರೂ ಹೇಳಿರಲಿಲ್ಲ.

ಮೊದಲ ಏಟು ನಾನೇ ಹಾಕಿದೆ.
ಬೇರೆಯವರ ಸುತ್ತಿಗೆ ಬೇಡವಾಗಿತ್ತು.
ಧೂಳಿನೊಳಗಿಂದ ಒಂದು ಗುಂಡಿ, ಎರಡು ಸೂಜಿ,
ಬಿರುಕಿಗೆ ಕೊಂಬೋ ತುರುಕಿದ್ದ ಖಂಗಾದ ಚೂರು,
ಅಂಚಿನಲ್ಲಿ ಗಾದೆ ಅಚ್ಚಾದದ್ದು:
"ಪಕ್ಕದ ಮನೆಯವನು…"
ಮಿಕ್ಕದ್ದನ್ನು ಗೆದ್ದಲು ಓದಿ ಮುಗಿಸಿತ್ತು.

ಗೋಡೆ ಹೋಯಿತು. ಕೋಣೆ ಪೂರ್ತಿಯಾಯಿತು.
ಪೂರ್ತಿಯಾದ ಮೇಲೂ ಆರೇ ಮೊಳ.
ಇಷ್ಟರಲ್ಲಿ ಎರಡು ಸಂಸಾರವೇ ಎಂದು ಮೇಡಂ ಕೇಳಿದಾಗ
ನಾನು ತಂತಿಯ ಸಿಕ್ಕು ಬಿಡಿಸುತ್ತಿದ್ದೆ.

ಕಲ್ಲು ಕೊರೆಯುವ ಹಾಗಿಲ್ಲ, ಜಂತೆಗೆ ಮೊಳೆ ಹೊಡೆಯುವ ಹಾಗಿಲ್ಲ.
ಹಿತ್ತಾಳೆ ಕೊಳವೆಯಲ್ಲಿ ತಂತಿ, ಗೋಡೆಯ ಹೊರಗೇ,
ಕಾಣುವ ಹಾಗೆ, ನಾಳೆ ಬಿಚ್ಚಲು ಬರುವ ಹಾಗೆ.
"ನೂರು ವರ್ಷದ ನಂತರ ಬರುವವರು
ಇದಕ್ಕೆ ಯಾವ ಬಣ್ಣ ಹಚ್ಚುತ್ತಾರೆ?" ಎಂದೆ.
ಮೇಡಂ ಅಂದು ಮೊದಲ ಸಲ ನಕ್ಕರು.
ಉತ್ತರ ಹೇಳಲಿಲ್ಲ.

ಸ್ವಿಚ್ಚನ್ನು ನಕ್ಷೆ ಬಾಗಿಲ ಎಡಕ್ಕೆ ತೋರಿಸಿತ್ತು.
ಅಲ್ಲಲ್ಲ ಎಂದೆ. ಯಾಕೆಂದರು.
ಅಮ್ಮ ಝುವೇನಾ ಕುಳ್ಳಿ.
ಮೀನು ಮಾರುಕಟ್ಟೆಯಿಂದ ಕತ್ತಲಾದ ಮೇಲೆ ಬಂದು
ದೀಪದ ಗೂಡನ್ನು ತಡವುತ್ತಿದ್ದಳು,
ಬಲಕ್ಕೆ, ಹೊಸಿಲಿಂದ ಒಂದೂವರೆ ಹೆಜ್ಜೆ.
ಗೋಡೆ ಅಲ್ಲಿ ಎಣ್ಣೆಗಪ್ಪು ಹಿಡಿದು ಹೊಳೆಯುತ್ತಿತ್ತು.
ಇದನ್ನೆಲ್ಲ ಹೇಳದೆ, ತಂತಿ ಸಾಲುವುದಿಲ್ಲ ಎಂದುಬಿಟ್ಟೆ.

ಗೂಡನ್ನು ಯಾವಾಗಲೋ ಮುಚ್ಚಿದ್ದರು.
ವುವಾಯಿಯ ಹೊಸ ಸುಣ್ಣದಡಿ ಕಪ್ಪೂ ಹೋಗಿತ್ತು.
ಎಲ್ಲರೂ ಊಟಕ್ಕೆ ಇಳಿದ ಮೇಲೆ
ಹೊರಗೆ ಹೋಗಿ, ಕಣ್ಣು ಮುಚ್ಚಿ,
ಒಳಗೆ ಬಂದೆ.
ಕೈ ತಾನೇ ಹೋಯಿತು,
ಸೊಂಟದ ಎತ್ತರಕ್ಕೆ.
ಅವತ್ತಿನ ನನ್ನ ಎತ್ತರ ಅದು; ಅಮ್ಮನದಲ್ಲ.

ತುಸು ಹೊತ್ತು ನಿಂತೆ.
ಆಮೇಲೆ ಒಂದು ಗೇಣು ಮೇಲೆ
ಪೆನ್ಸಿಲಿನ ಗುರುತು ಹಾಕಿದೆ.