ಹನ್ನೊಂದು ಗ್ರಾಂ

ವಿಲ್ಯಂದಿಯಲ್ಲಿ ಜನವರಿ. ಬೆಳಗಿನ ಜಾವ ಮೂರು.
ಸರೋವರದ ಮಂಜುಗಡ್ಡೆ ಆಗಾಗ ಲಟಕ್ಕನೆ ಬಿರಿಯುವುದು ಬಿಟ್ಟರೆ
ಎದ್ದಿರುವವರು ನಾನು, ಒಲೆ, ತಕ್ಕಡಿ.

ರೈ ಹಿಟ್ಟು ಆರು ಕಿಲೋ.
ನೀರೂ ತೂಕದ ಲೆಕ್ಕವೇ.
ಲೋಟವನ್ನು ನಾನು ನಂಬುವುದಿಲ್ಲ:
ಒತ್ತಿ ತುಂಬಿದರೆ ಒಂದು ಮಾತು,
ಉದುರಿಸಿ ತುಂಬಿದರೆ ಇನ್ನೊಂದು.
ಉಪ್ಪು ನೂರಿಪ್ಪತ್ತು. ಗುಲಗಂಜಿಯಷ್ಟೂ ರಿಯಾಯಿತಿ ಇಲ್ಲ,
ಹುಳಿಹಿಟ್ಟಿನ ಕಡಿವಾಣ ಅದು.
ಒಲೆಯ ಬಾಗಿಲು ಮುಚ್ಚಿದ ಮೇಲೆ
ರುಚಿ ನೋಡಿ ತಿದ್ದಲು ಬಾರದು.

ಅಮ್ಮನ ಅಡುಗೆಮನೆಯಲ್ಲಿ ತಕ್ಕಡಿಯೇ ಇಲ್ಲ.
ಬಟಾಣಿ, ಬಾರ್ಲಿ, ಹೊಗೆಗಿಟ್ಟ ಹಂದಿಮಾಂಸದ ಮೂಳೆ,
ಭಾನುವಾರದ ಸೂಪು.
ಎಷ್ಟಮ್ಮಾ ಎಂದರೆ, ಸಾಕಾಗುವಷ್ಟು.
ಸಾಕಾಗುವುದೆಂದರೆ ಎಷ್ಟು?
ಯಾರು ಯಾರು ಬರ್ತಾರೆ ಮೊದಲು ಹೇಳು.

ಬೇಕರಿ ಕೆಲಸ ಕಲಿಯುವಾಗ ಪಂದ್ಯ ಕಟ್ಟಿದ್ದೆ:
ಅವಳ ಮುಷ್ಟಿಯ ಕೆಳಗೆ ತಟ್ಟೆ ಹಿಡಿದು ತೂಗಿದೆ.
ಏಳು ಗ್ರಾಂ.
ಮತ್ತೆ ತೂಗಿದೆ. ಏಳು.
ಮೂರನೆಯ ಸಲ ಕಣ್ಣು ಮುಚ್ಚಿಸಿದೆ, ಆಗಲೂ ಏಳೇ.
ಸೋತು, ಒಂದು ತಿಂಗಳು ಪಾತ್ರೆ ತೊಳೆದೆ.

ಈಚೆಗೆ ಪಕ್ಕದ ಮನೆಯ ಆರ್ವೆಡ್
ಸೂಪಿನ ನಡುವೆ ಮೂರು ಲೋಟ ನೀರು ಕುಡಿಯುತ್ತಾನೆ,
ಏನೂ ಹೇಳುವುದಿಲ್ಲ.
ಹೋದ ಭಾನುವಾರ ಹಳೆಯ ತಮಾಷೆಯೆಂಬಂತೆ
ಚಿಕ್ಕ ತಕ್ಕಡಿಯನ್ನು ಚೀಲದಲ್ಲಿ ಒಯ್ದೆ.
ತಟ್ಟೆ ಹಿಡಿದೆ.

ಹನ್ನೊಂದು.

ನಾಲಿಗೆ ಮಂಕಾಯಿತೋ, ಬೆರಳು ಹಿಡಿತ ಮರೆಯಿತೋ,
ತಕ್ಕಡಿ ಅದನ್ನು ತೋರಿಸುವುದಿಲ್ಲ.
ಕನ್ನಡಕ ಹುಡುಕುತ್ತಾ ಅಮ್ಮ ಕೇಳಿದಳು,
ಏನಂತೆ ನಿನ್ನ ಯಂತ್ರ?
ಏಳು, ಎಂದೆ.
ಗೊತ್ತಿತ್ತು ಬಿಡು, ಎಂದು
ತಟ್ಟೆಯದನ್ನೆಲ್ಲ ಪಾತ್ರೆಗೆ ಕೊಡವಿದಳು.

ಈ ವಾರ ಒಂದು ಬ್ರೆಡ್ಡಿನ ಹಿಟ್ಟನ್ನು ಬೇರೆ ನಾದಿದೆ.
ಹನ್ನೆರಡು ಗ್ರಾಂ ಉಪ್ಪು ಬೀಳಬೇಕಾದಲ್ಲಿ ಎಂಟು.
ಅದು ಅವಸರದಲ್ಲಿ ಉಬ್ಬಿ
ಹೆಗಲು ಜೋಲಿಸಿ ಹರಡಿಕೊಂಡಿತು.
ತಗಡಿನ ಅಚ್ಚಿನಲ್ಲಿ ಹಾಕಿ ನಿಲ್ಲಿಸಿದೆ.
ಕಲಿಸಿದ ಗುರು ಕಂಡಿದ್ದರೆ ಒಲೆಗೇ ಎಸೆಯುತ್ತಿದ್ದ.

ಭಾನುವಾರ ಆರ್ವೆಡ್ ಅದನ್ನು ಸೂಪಿನಲ್ಲಿ ಅದ್ದಿ ತಿಂದ,
ಇನ್ನೊಂದು ತುಂಡಿಗೆ ಕೈ ಚಾಚಿದ,
ನೀರಿನ ಹೂಜಿ ಇದ್ದಲ್ಲೇ ಇತ್ತು.

ಅಮ್ಮ ಮಾತ್ರ ಬರಿಯ ಬ್ರೆಡ್ಡನ್ನು ಕಚ್ಚಿ
ತುಸು ಹೊತ್ತು ಅಗಿದಳು.
ಸಪ್ಪೆ, ಎಂದಳು.
ನಿನ್ನ ತಕ್ಕಡಿ ಕೆಟ್ಟಿದೆ ಕಣೆ, ರಿಪೇರಿಗೆ ಕೊಡು.

ಹೂಂ ಅಮ್ಮಾ, ಎಂದೆ.
ಸೋಮವಾರ ಕೊಡ್ತೀನಿ.