ನೀಲಿಯ ಖಾತೆ

ಇವನ್ನು ಯಾವ ಖಾನೆಯಲ್ಲಿ ಬರೆಯಲಿ, ಯಾಗ್ನಾ?
ಕಚ್ಚಾ ಮಾಲೇ, ಕೂಲಿಯಾಳೇ, ದನಕರುವೇ?
ರಾತ್ರಿಯಿಡೀ ದುಡಿಯುತ್ತವೆ, ಸಂಬಳ ಕೇಳುವುದಿಲ್ಲ.
ಸಕ್ಕರೆ ತಿನ್ನುತ್ತವೆ, ಅದಕ್ಕೆ ರಸೀದಿ ಇದೆ.
ಕೆಲಸ ಮುಗಿದ ಮೇಲೆ ನೂರಿಪ್ಪತ್ತೊಂದು ಡಿಗ್ರಿ ಹಬೆಯಲ್ಲಿ
ಎಲ್ಲರಿಗೂ ಒಂದೇ ಸಲ ನಿವೃತ್ತಿ.
ತೆರಿಗೆ ಕಚೇರಿಯ ನಮೂನೆಯಲ್ಲಿ
ಇಂಥದಕ್ಕೆ ಜಾಗವೇ ಇಲ್ಲ.

ನೀನು ನಕ್ಕೆ. ಕೈಗವಸಿನ ಬೆರಳು ನೀಲಿ.
"ನೆಂಟರು ಅಂತ ಬರಿ" ಅಂದೆ.

ವುಚ್ ನಗರದ ಹಳೆಯ ಗಿರಣಿ, ಮೂರನೇ ಮಹಡಿ,
ಕೆಂಪು ಇಟ್ಟಿಗೆ, ಒಡೆದ ಗಾಜಿಗೆ ರಟ್ಟು,
ಬಾಡಿಗೆ ಎರಡು ತಿಂಗಳು ಬಾಕಿ.
ಹೊರಗೆ ಡಿಸೆಂಬರ್, ಟ್ರಾಮಿನ ತಂತಿಯ ಮೇಲೆ ಹಿಮ.
ಒಳಗೆ ಆ ಬೆಚ್ಚನೆಯ ಕಪಾಟು ತೆರೆದರೆ ಸಾಕು,
ಮೊದಲ ಮಳೆ ಬಿದ್ದ ನೆಲದ ವಾಸನೆ.
ಅದು ಮಳೆಯದಲ್ಲವಂತೆ, ಮಣ್ಣಿನದೂ ಅಲ್ಲವಂತೆ,
ಕಣ್ಣಿಗೆ ಕಾಣದ ಇವರದಂತೆ.
ಇಷ್ಟು ವರ್ಷ ಯಾರದೋ ಬೆವರನ್ನು
ಆಕಾಶದ ಹೆಸರಿಗೆ ಜಮಾ ಮಾಡಿದ್ದೆ ನಾನು.

ಗಿರಣಿಯ ಹಿಂದೆ ಲೈಲಾಕ್ ಪೊದೆಯ ಬುಡದಿಂದ
ಒಂದು ಚಮಚ ಮಣ್ಣು ತಂದವಳು ನೀನು.
ಕಲಾಶಾಲೆಯಲ್ಲಿ ಬಣ್ಣ ಕೊಳ್ಳಲು ದುಡ್ಡಿಲ್ಲದೆ
ಬಣ್ಣ ಸಾಕುವುದು ಕಲಿತೆ ಎಂದು
ಬಂದವರಿಗೆಲ್ಲ ಹೇಳುತ್ತೀಯ. ಸುಳ್ಳು.
ದುಡ್ಡಿತ್ತು.
ಸಾಯಲು ಗೊತ್ತಿಲ್ಲದ ಬಣ್ಣಗಳ ಮೇಲೆ ನಿನಗೆ ಸಿಟ್ಟಿತ್ತು.

ನಿನ್ನ ಸೋದರತ್ತೆ ಬ್ರೊನ್ಯಾ
ಇದೇ ಕಟ್ಟಡದ ಬಣ್ಣದ ತೊಟ್ಟಿಯೆದುರು ಇಪ್ಪತ್ತಾರು ವರ್ಷ.
ಹೊಳೆ ಆಗ ಬಯಲಲ್ಲೇ ಹರಿಯುತ್ತಿತ್ತು,
ಸೋಮವಾರ ಹಸಿರು, ಗುರುವಾರ ಬೀಟ್‌ರೂಟು,
ಬಾತುಗಳೂ ಆ ದಿನದ ಬಣ್ಣ ಉಟ್ಟೇ ಈಜುತ್ತಿದ್ದವು.
ಈಗ ಹೊಳೆ ಪೈಪಿನಲ್ಲಿದೆ.
ಅತ್ತೆಯ ಎದೆ ರಾತ್ರಿ ಹೊತ್ತು
ಸವೆದ ಮಗ್ಗದ ಹಾಗೆ ಲಟಕು ಲಟಕು.

ಕೋಪನ್‌ಹೇಗನ್ನಿನವರು ನಾನೂರು ಮೀಟರ್ ಕೇಳಿದರು,
ಸ್ಕಾರ್ಫಿಗೆ, ಒಂದೇ ನೀಲಿ, ಮೊದಲಿನಿಂದ ಕೊನೆತನಕ.
ಮುಂಗಡ ಬಂತು, ಬಾಡಿಗೆಗೆ ಹೋಯಿತು.
ಹನ್ನೊಂದನೇ ದಿನ ಮುಚ್ಚಳ ತೆಗೆದರೆ
ರೇಷ್ಮೆಯೆಲ್ಲ ಕೆಂಪು.
ಕೆಂಪೆಂದರೆ, ಹಲ್ಲು ಕಿತ್ತ ಬಾಯಿಯ ಕೆಂಪು.
ನೀನು ನೆಲಕ್ಕೆ ಕೂತೆ.
ನಾನು ನಷ್ಟದ ಹಾಳೆ ತೆರೆದೆ,
ಅದೊಂದೇ ನನಗೆ ಗೊತ್ತಿರುವ ಸಾಂತ್ವನ.

ಅತ್ತೆ ಬಂದಳು, ಊರುಗೋಲು ಒಂದು ಕೈಗೆ,
ಇನ್ನೊಂದಕ್ಕೆ ಸೂಪಿನ ಡಬ್ಬಿ.
ಬಟ್ಟೆಯ ಅಂಚು ನಾಲಿಗೆಗೆ ಮುಟ್ಟಿಸಿದಳು
(ಪ್ರಯೋಗಶಾಲೆಯಲ್ಲಿ! ನೀನು ಕಿರುಚಿದೆ).
"ಹುಳಿ" ಅಂದಳು. "ಅಷ್ಟೇ."
ಬಚ್ಚಲಿನಿಂದ ಬಟ್ಟೆ ಸೋಡಾ ತಂದು
ಬಕೆಟ್ಟಿಗೆ ಮೂರು ಹಿಡಿ.
ಕೆಂಪು ಒಂದು ಕ್ಷಣ ಅನುಮಾನಿಸಿತು,
ನೇರಳೆಯಾಯಿತು, ಆಮೇಲೆ
ಯಾರೋ ಕಿಟಕಿ ತೆರೆದ ಹಾಗೆ
ನೀಲಿ.

ಮಾಲು ಹೋಯಿತು. ಫೆಬ್ರವರಿಯಲ್ಲಿ ಕಾಗದ ಬಂತು:
ಕತ್ತು ಬೆವರಿದಲ್ಲಿ ಸ್ಕಾರ್ಫು ಕೆಂಪಾಗುತ್ತದೆ,
ಹಣ ವಾಪಸು ಬೇಕು.
ನಿನ್ನ ಉತ್ತರ ನೀನು ನನಗೆ ತೋರಿಸಲಿಲ್ಲ.
ಎರಡೇ ಸಾಲಂತೆ:
ಅದು ದೋಷವಲ್ಲ, ಬಟ್ಟೆಗೆ ನಿಮ್ಮ ಪರಿಚಯವಾಗುತ್ತಿದೆ.
ಸೋಡಾ ಪೊಟ್ಟಣ ಬೇರೆ ಅಂಚೆಯಲ್ಲಿ ಬರುತ್ತದೆ.

ಅರ್ಧಕ್ಕರ್ಧ ವಾಪಸು ಬಂತು.
ಉಳಿದದ್ದು ಯಾರ ಕತ್ತಿನಲ್ಲಿದೆಯೋ,
ಹೇಗೆ ಹೇಗೆ ಕೆಂಪಾಗಿದೆಯೋ.

ಈ ವರ್ಷದ ಲೆಕ್ಕ ಕೂಡಿಬಂದಿಲ್ಲ.
ಸೋಡಾಕ್ಕೆ ಆರು ಜ್ವೋಟಿ ಬರೆದಿದ್ದೇನೆ,
ಅತ್ತೆಯ ನಾಲಿಗೆಗೆ ಎಷ್ಟು ಬರೆಯಬೇಕೋ ತಿಳಿಯದು.
ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಒಂದು ಖಾನೆ ಎಳೆದು
ನೆಂಟರು, ಸಕ್ಕರೆ, ಹದಿನಾಲ್ಕು ಕಿಲೋ ಅಂದಿದ್ದೇನೆ.
ತೆರಿಗೆಯವರು ಬಂದರೆ ರಬ್ಬರಿದೆ.

ಕಪಾಟಿನ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ,
ಬಿಸಿ ಸೋರುತ್ತದೆ, ವಿದ್ಯುತ್ ಬಿಲ್ಲು ಏರಿದೆ.
ರಿಪೇರಿಗೆ ಬರೆಯಹೊರಟರೆ ಅತ್ತೆ ಬೇಡ ಅನ್ನುತ್ತಾಳೆ.
ಅವಳ ಕುರ್ಚಿ ಈಗ
ಆ ಸಂದಿನ ಪಕ್ಕದಲ್ಲೇ.