ಸೋಫಾ ಎತ್ತುವವರು

ಪಿಯೆದಾದಳ ಚಿಕ್ಕಪ್ಪನ ಮಗ ಬ್ಯಾಂಡಿನಲ್ಲಿ ಕಹಳೆ ಊದುವವ,
ಹಾಗಾಗಿ ನಮಗೆ ನಾಲ್ಕು ಪುಕ್ಕಟೆ ಪಾಸು. ಮೂರನೇ ಸಾಲು,
ಎಡಗಡೆ, ಕಹಳೆಯ ಬಾಯಿಗೇ ಕಿವಿ.

ಮಡಗಾಂವಿನ ಶನಿವಾರ. ರಾತ್ರಿಪಾಳಿಯನ್ನು ಇನ್ನೊಬ್ಬರ ತಲೆಗೆ ಕಟ್ಟಿ
ಎಕ್ಸ್‌ರೇ ಕೋಣೆಯ ಸೀಸದ ಏಪ್ರನ್ನು ಮೊಳೆಗೆ ತೂಗಿ
ಐದಾರು ಕಿಲೋ ಹಗುರಾಗಿ ಬಂದಿದ್ದೆ.
ಲೆಕ್ಕಪತ್ರದ ಸುಲಕ್ಷಾ ಆಬೋಲಿ ಮುಡಿದಿದ್ದಳು.
ನಮ್ಮ ಅಬ್ಬಲಿಗೆಯೇ ಅದು,
ಘಟ್ಟ ಇಳಿಯುವಾಗ ಒಂದಕ್ಷರ ಉದುರಿಸಿಕೊಂಡದ್ದು.
ನಾನೂ ಹಾಗೆಯೇ. ಹುಲಿಗೆಮ್ಮನನ್ನು ಎರಡೂ ಕಡೆ ಕತ್ತರಿಸಿ
ಲೀಜಿಯಾ ಮಾಡಿದವಳು ಪಿಯೆದಾದ್,
ವಾರ್ಡಿಗೆ ಬಂದ ಮೊದಲ ದಿನವೇ.

‘ಮೊದಲು ಊಟ’ ಎಂದಳು ಸುಲಕ್ಷಾ.
‘ಮೊದಲು ತಿಯಾತ್ರ್’ ಎಂದ ಔಷಧಿ ಕೌಂಟರಿನ ಕಾಯ್ತಾನ್,
‘ಹೊಟ್ಟೆ ತುಂಬಿದವರಿಗೆ ಅಳು ಬರೋದಿಲ್ಲ.’

ಹಡಗಿನ ಮೇಲೆ ಗಂಡ, ಮನೆ ಮಾರುವ ಭಾವ, ಒಂದು ಸುಳ್ಳು ಸಹಿ.
ಪ್ರವೇಶ ಮುಗಿದರೆ ಪರದೆ ಬೀಳುತ್ತದೆ,
ಪರದೆಯ ಮುಂದೆ ಹಾಡು ಬರುತ್ತದೆ,
ಕಥೆಗೂ ಅದಕ್ಕೂ ಸಂಬಂಧವಿಲ್ಲ:
ರಸ್ತೆಯ ಗುಂಡಿ, ಬಂಗಡೆಯ ರೇಟು, ಪಕ್ಷ ಬದಲಿಸಿದ ಶಾಸಕ.
ಪಿಯೆದಾದ್ ಕಿವಿಯಲ್ಲಿ ಹಿಂದಿ ಮಾಡಿ ಸುರಿಯುತ್ತಾಳೆ;
ನನ್ನ ನಗು ಯಾವಾಗಲೂ ಎರಡು ಸಾಲು ತಡ.
‘ವನ್ಸ್ ಮೋರ್!’ ಮಾತ್ರ ತಡವಿಲ್ಲದೆ ಕೂಗುತ್ತೇನೆ,
ಆ ಎರಡು ಪದ ನಮ್ಮ ಕಡೆಯ ಕಂಪನಿ ನಾಟಕದವೂ ಹೌದು.

ಮೂರನೆಯ ಹಾಡಿಗೆ ಬಂದವನು
ತಲೆಗೆ ಟವೆಲ್ಲು ಸುತ್ತಿದ್ದ, ಹೆಗಲ ಮೇಲೆ ಸಿಮೆಂಟಿನ ಬುಟ್ಟಿ,
ಒಂದು ಕಾಲಿಗೆ ಮಾತ್ರ ಚಪ್ಪಲಿ.
ಮೊದಲ ಸಾಲಿನಲ್ಲೇ ‘ಘಾಂಟಿ’ ಎಂದ.
ಪಿಯೆದಾದ್ ಅನುವಾದ ನಿಲ್ಲಿಸಿದಳು.
ಮುಂಗೈ ಮೇಲಿನ ತನ್ನ ಗಡಿಯಾರ ನೋಡಿಕೊಂಡಳು.

ಸುಳ್ಳು ಯಾಕೆ ಹೇಳಲಿ, ಅವನು ಪಾಕಡಾ ನಟ.
ಆ ನಡಿಗೆ ನಮ್ಮ ಸೋದರಮಾವನದೇ,
ತಾಳಕ್ಕೆ ನನ್ನ ಕಾಲು ಕುಣಿಯುತ್ತಲೇ ಇತ್ತು.
ಸಭೆ ಹೋ ಎಂದು ನಕ್ಕಾಗ ನಾನೂ ನಕ್ಕೆ.
ಅವತ್ತು ಮೊದಲ ಸಲ
ನನ್ನ ನಗು ಎಲ್ಲರ ಜೊತೆ ಸರಿಯಾಗಿ ಬಿತ್ತು.

ಆಗ ಪರದೆ ಒಂದು ಕಡೆ ಉಬ್ಬಿತು,
ಒಳಗಿನಿಂದ ಏನೋ ಮೂಲೆ ತಾಗಿದಂತೆ.
‘ಏ, ಸಾವಕಾಶ ಎತ್ತಲೇ,
ಅದರ ಕಾಲು ಮೊದಲ ಲಟಪಟ ಅನ್ನಾಕತ್ತೈತಿ.’
‘ಫ್ರಿಜ್ಜ ಎಲ್ಲಿಡ್ಲೋ?’
‘ಅವ್ವನ ಮನ್ಯಾಗ ಇಡು. ಬಟ್ಟು, ಬಟ್ಟು, ಬಿಡಲೇ!’
ಮುಂದೆ ಕಹಳೆ, ಡ್ರಮ್ಮು, ಎಂಟುನೂರು ಜನರ ಚಪ್ಪಾಳೆ.
ಹಿಂದೆ ಇಬ್ಬರು ಹುಡುಗರು, ಕೊಪ್ಪಳದ ಆಸುಪಾಸಿನವರು,
ಅಪ್ಪಟ ಕನ್ನಡದಲ್ಲಿ ಗೋವೆಯ ಮನೆ ಕಟ್ಟುತ್ತಿದ್ದರು.
ಅವರಿಗೆ ಇನ್ನೂ ಸಮಯ ಬೇಕಿತ್ತೋ ಏನೋ.
‘ವನ್ಸ್ ಮೋರ್!’ ಎಂದು ಗಂಟಲು ಹರಿಯುವಂತೆ ಕೂಗಿದ್ದು ನಾನೇ.
ಕಾಯ್ತಾನ್ ಬೆರಗಾಗಿ ನೋಡಿದ.

ಪರದೆ ಎದ್ದಾಗ ಎಲ್ಲವೂ ಜಾಗದಲ್ಲಿತ್ತು:
ಶಿಲುಬೆಯ ಕೆಳಗೆ ದೀಪ, ಹೂದಾನಿಯಲ್ಲಿ ಹೂವು,
ಫ್ರಿಜ್ಜು ಅವ್ವನ ಮನೆಯಲ್ಲಿ.
ತಾಯಿ ಸೋಫಾದ ಮೇಲೆ ಕುಸಿದು ಅತ್ತಳು,
ಸುಲಕ್ಷಾ ಅತ್ತಳು, ಕಾಯ್ತಾನ್ ಹಸಿದ ಹೊಟ್ಟೆಯಲ್ಲಿ ಅತ್ತ.
ನಾನು ಸೋಫಾದ ಕಾಲನ್ನೇ ನೋಡುತ್ತಿದ್ದೆ.
ತಡೆಯಿತು.

ಹೊರಬಂದಾಗ ಟೇಬಲ್ ಕಾದಿರಿಸಿದ್ದ ಹೋಟೆಲು ಬಾಗಿಲೆಳೆದಿತ್ತು.
ಹಾಲಿನ ಹಿಂದುಗಡೆ ರೋಸ್ ಆಮ್ಲೆಟ್ಟಿನ ಗಾಡಿ.
ಅಲ್ಯುಮಿನಿಯಂ ತಟ್ಟೆ, ಕೋಳಿಯ ಕೆಂಪು ರಸ, ಈರುಳ್ಳಿ, ಪಾವು.
‘ಅದು ಬರೀ ಹಾಡು, ಲೀಜಿಯಾ’ ಎಂದ ಕಾಯ್ತಾನ್.
‘ಗೊತ್ತು. ಟ್ಯೂನು ಚೆನ್ನಾಗಿತ್ತು.’
ಪಿಯೆದಾದ್ ಏನೂ ಹೇಳದೆ
ತನ್ನ ತಟ್ಟೆಯ ಲಿಂಬೆಹೋಳು ನನ್ನದಕ್ಕೆ ಹಾಕಿದಳು.
ನನಗೆ ಸಿಟ್ಟಿತ್ತೇ? ಇತ್ತು, ಈರುಳ್ಳಿಯಷ್ಟು.
ಹಸಿವು ಅದಕ್ಕಿಂತ ದೊಡ್ಡದಿತ್ತು.

ಎದುರಿಗೆ ಲಾರಿ ತುಂಬುತ್ತಿತ್ತು.
ಸೋಫಾ ಅಂಗಾತ, ನಾಲ್ಕು ಕಾಲು ಆಕಾಶಕ್ಕೆ,
ಕಾಲುಗಳ ನಡುವೆ ಮೊಬೈಲಿನ ಬೆಳಕಲ್ಲಿ ಎರಡು ಮುಖ.
‘ಊಟ ಆತೇನ್ರಪಾ?’ ಎಂದೆ ಗಟ್ಟಿಯಾಗಿ.
ಇಬ್ಬರೂ ಮೊದಲು ಬೇರೆ ದಿಕ್ಕಿಗೆ ತಿರುಗಿ ನೋಡಿದರು.
‘ಇನ್ನಾ ಇಲ್ರಿ ಅಕ್ಕಾರ. ಈಗ ವಾಸ್ಕೋಕ್ಕ ಹೋಗಿ ಇಳಿಸ್ಬೇಕು.’

‘ಏನಂದರು?’ ಪಿಯೆದಾದಳ ಪ್ರಶ್ನೆ.
ನನ್ನ ಬಾಯಿ ತುಂಬ ಪಾವು.
ಗಾಡಿಯವನಿಗೆ ಎರಡು ಬೆರಳು ತೋರಿಸಿದೆ.
ಅವನು ಮೊಟ್ಟೆ ಒಡೆದ.